ಮೂರು ಸಾವಿರ ಎಳೆಯ ಹಾಡು

ನನ್ನ ತಮ್ಮನಂಥ ಸಂಕೋಚದ ಪ್ರಾಣಿ ಇಳಕಲ್ಲಿನಲ್ಲಿ ಇನ್ನೊಂದಿಲ್ಲ. ಅದಕ್ಕೇ ನೋಡಿ, ಮನೆಯೊಳಗಿನ ಹಾಡನ್ನು ಜಗತ್ತಿಗೆಲ್ಲ ಕೇಳಿಸಿ ಕೂತಿದ್ದಾನೆ.

ಅರವತ್ತು ದಾಟಿದ ಈ ನೇಕಾರ ಹೆಂಡತಿಯ ಹೆಸರನ್ನು ಬಾಯಿಬಿಟ್ಟು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ಮದುವೆಯ ದಿನ ಹೊಸ್ತಿಲಿಗೆ ಅಡ್ಡ ನಿಂತು, "ಒಡಪು ಹಚ್ಚಿ ಹೆಂಡ್ತಿ ಹೆಸರ ಹೇಳು, ಇಲ್ಲಾಂದ್ರ ಒಳಗ ಬಿಡಂಗಿಲ್ಲ" ಎಂದವಳು ನಾನೇ. "ಬಂದೆ ತಡಿ" ಎಂದವನು ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ ಊಟಕ್ಕೆ ಕೂತಿದ್ದ. ಮದುಮಗಳು ಹೊಸ್ತಿಲಾಚೆ ಒಬ್ಬಳೇ ನಗುತ್ತಾ ನಿಂತಿದ್ದಳು. ಮುಂದೆ ನಲವತ್ತು ವರ್ಷ "ಏ, ಕೇಳಿಲ್ಲಿ" ಎಂಬುದರಲ್ಲೇ ಸಂಸಾರ ನಡೆಯಿತು.

ಹಾಡು ಕಟ್ಟಿದವಳು ಅವಳೇ. ಕಂಡಿಕೆಗೆ ನೂಲು ಸುತ್ತುತ್ತಾ ಅವಳು ಹಾಡುತ್ತಿದ್ದಳು, ಮಗ್ಗದಲ್ಲಿ ಕೂತು ಇವನು ದನಿಗೂಡಿಸುತ್ತಿದ್ದ. ಅವಳು ತೀರಿಹೋಗಿ ವರ್ಷ ತುಂಬುವ ದಿನ ಆ ಹಾಡು ಎಲ್ಲರ ಫೋನಿನಲ್ಲೂ ಬರಬೇಕೆಂದು ಹಟ ಹಿಡಿದ. ಕೆಲಸ ಯಾರಿಗೆ ಬಂತು? ಫೋನಿನಲ್ಲಿ ಅಕ್ಷರ ಒತ್ತಲು ಮೊನ್ನೆ ಮೊನ್ನೆ ಕಲಿತ ನನಗೆ.

ನವನಗರದ ನನ್ನ ಮೊಮ್ಮಗಳು ಫೋನಿನಲ್ಲೇ ಪಾಠ ಹೇಳಿದಳು. "ಆಯಿ, ಹಾಡಿನ ಆಪ್‌ಗೆ ನಾವು ಸೀದಾ ಹಾಕಾಕ ಬರಂಗಿಲ್ಲ. ನಡುವ ಒಂದು ಕಂಪನಿ ಇರತೈತಿ. ಅವರಿಗೆ ಕೊಟ್ರ ಎಲ್ಲಾ ಆಪ್‌ಗೂ ಹಂಚತಾರ."

ನನಗೆ ತಲೆಬುಡ ತಿಳಿಯಲಿಲ್ಲ. ತಮ್ಮನಿಗೆ ಥಟ್ಟನೆ ತಿಳಿಯಿತು. "ನಾವು ಸೀರಿ ನೇಯ್ದು ಸಾವಕಾರಗ ಕೊಡೂದಿಲ್ಲೇನಕ್ಕಾ? ಅಂವ ಊರೂರಿನ ಅಂಗಡಿಗೆ ಕಳಸ್ತಾನ. ಹಂಗ ಇದು."

ಮಗ್ಗದ ಸದ್ದಿನ ಸಮೇತ ಅವನ ಹಾಡನ್ನು ಫೋನಿಗೆ ತುಂಬಿಸಿದ್ದಾಯಿತು. ಆಮೇಲೆ ಮುಖಚಿತ್ರ ಬೇಕಂತೆ. ಚೌಕಾಕಾರ, ಮೂರು ಸಾವಿರಕ್ಕೆ ಮೂರು ಸಾವಿರ.

"ಮೂರು ಸಾವಿರ ಏನವ್ವಾ? ಇಂಚೋ, ಮೊಳಾನೋ?"

"ಚುಕ್ಕಿ, ಆಯಿ. ಸಣ್ಣ ಸಣ್ಣ ಚುಕ್ಕಿ ಕೂಡಿ ಚಿತ್ರ ಆಗತೈತಿ."

ತಮ್ಮ ಎದ್ದೇ ಹೋದ. ಎರಡು ದಿನ ಮಗ್ಗ ಬಿಟ್ಟು ಏಳಲಿಲ್ಲ. ಮೂರನೆಯ ದಿನ ಒಂದು ಕೆಂಪು ಬಟ್ಟೆ ತಂದು ನನ್ನ ಮುಂದೆ ಹಾಸಿದ.

"ಹಾಸು ಮೂರು ಸಾವಿರ ಎಳಿ, ಹೊಕ್ಕು ಮೂರು ಸಾವಿರ ಎಳಿ. ಎಳಿ ಮ್ಯಾಲ ಎಳಿ ಕೂತಲ್ಲಿ ಒಂದು ಚುಕ್ಕಿ. ಬೇಕಾದ್ರ ಎಣಸು."

ಎಣಿಸಲು ನಾನು ಇನ್ನೊಮ್ಮೆ ಹುಟ್ಟಿ ಬರಬೇಕು. ಯಾವ ಫೋಟೋ ಆದರೂ ನಡೆಯುತ್ತಿತ್ತೆಂದು ಮೊಮ್ಮಗಳು ನಕ್ಕಳು. "ಹಂಗಾರ ಇದರದಽ ಹೊಡೀರಿ" ಎಂದ ಭೂಪ.

ಹಾಡಿದವರ ಜಾಗದಲ್ಲಿ ಅವನ ಹೆಸರು ಹಾಕಿ ಕಳಿಸಿದೆ. ನಾಲ್ಕೇ ದಿನಕ್ಕೆ ವಾಪಸು ಬಂತು. ಮುಖಚಿತ್ರದ ಮೇಲಿನ ಹೆಸರೂ ಕಲಾವಿದರ ಹೆಸರೂ ತಾಳೆಯಾಗುತ್ತಿಲ್ಲವೆಂದು ಮೊಮ್ಮಗಳು ಓದಿ ಹೇಳಿದಳು. ವರ್ಷದ ದಿನಕ್ಕೆ ಉಳಿದದ್ದು ಹನ್ನೆರಡು ದಿನ.

"ಯಾವ ಹೆಸರು? ಅದು ಬರೇ ಕೆಂಪು ಅರಿವಿ" ಎಂದೆ. ಕಂಪನಿಯವರ ಕಣ್ಣಿಗೆ ಪೊರೆ ಬಂದಿರಬೇಕು ಎಂದುಕೊಂಡೆ. ತಮ್ಮ ಮಾತ್ರ ಸೂರು ನೋಡುತ್ತಾ ಕೂತಿದ್ದ.

"ಫೋಟೋ ಹಿಗ್ಗಿಸಿ ನೋಡು, ಆಯಿ."

ಎರಡು ಬೆರಳಿಟ್ಟು ಹಿಗ್ಗಿಸಿದೆ. ಮೂಲೆಯಲ್ಲಿ, ಕೆಂಪಿನ ಮೇಲೆ ತುಸು ತಿಳಿಗೆಂಪು ಎಳೆಯಲ್ಲಿ, ಮೂರಕ್ಷರ. ಅವನ ಹೆಂಡತಿಯ ಹೆಸರು.

"ಆ ಮೂಲಿ ಬಿಟ್ಟು ಫೋಟೋ ಹೊಡೀಲೇನೋ?"

"ಆಗಂಗಿಲ್ಲ. ಮೂರು ಸಾವಿರಕ್ಕ ಕಮ್ಮಿ ಬೀಳತೈತಿ."

ಮೊಮ್ಮಗಳೇ ದಾರಿ ತೋರಿಸಿದಳು. "ಹಾಡು ಕಟ್ಟಿದಾಕಿ ಅಜ್ಜಿನ ಅಲ್ಲೇನು? ಕಲಾವಿದರ ಜಾಗದಾಗ ಆಕಿ ಹೆಸರನ್ನ ಹಾಕ್ರಿ. ಅಜ್ಜಂದು ದನಿಗೂಡಿಸಿದವರು ಅಂತ ಕೆಳಗ ಬರಲಿ."

ತಮ್ಮ ಒಪ್ಪಿ ತಲೆಯಾಡಿಸಿದ. ನಾನು ಖಾಲಿ ಜಾಗದ ಮೇಲೆ ಬೆರಳಿಟ್ಟು, "ಏನಂತ ಬರೀಲಿ?" ಎಂದೆ.

"ನಿನಗ ಗೊತ್ತೈತಲ್ಲ."

"ವಯಸ್ಸಾತಪಾ. ಮರ್ತೀನಿ."

"ಫೋಟೋದಾಗ ನೋಡ್ಕೋ."

"ಚಾಳೀಸು ಮನ್ಯಾಗ ಬಿಟ್ಟು ಬಂದೀನಿ."

ಅವನು ಹಿತ್ತಲ ಬಾಗಿಲ ಕಡೆ ನೋಡಿದ. ಈ ಸಲ ನಾನು ಮೊದಲೇ ಎದ್ದು ಹೋಗಿ ಅಲ್ಲಿ ಅಡ್ಡ ಕೂತೆ.

ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಬಹಳ ಹೊತ್ತು ಲಾಳಿಯನ್ನು ಕೈಯಲ್ಲಿ ಹೊರಳಿಸಿದ. ಆಮೇಲೆ ಅವಳು ನೂಲು ಸುತ್ತುತ್ತಿದ್ದ ಮೂಲೆಗೆ ತಿರುಗಿ, ಒಮ್ಮೆ ಕೆಮ್ಮಿ, ಊಟಕ್ಕೆ ಕರೆಯುವಷ್ಟೇ ಸಣ್ಣ ದನಿಯಲ್ಲಿ ಕರೆದ.

"ಗೌರವ್ವಾ."

ಚಾಳೀಸು ನನ್ನ ಮೂಗಿನ ಮೇಲೆಯೇ ಇತ್ತು. ಆದರೂ ಒತ್ತಬೇಕಾದ ಅಕ್ಷರಗಳು ಕಾಣಲಿಲ್ಲ.