ಸುಸ್ತಿಗೆ ಸಾಕ್ಷಿ

ಕಾಯಿಲೆ ಬಂದರೆ ಕಣ್ಣಿಗೆ ಕಾಣುವಂಥದ್ದೇ ಬರಬೇಕು. ಕೈ ಮುರಿದುಕೊಳ್ಳಿ, ಬಿಳಿ ಕಟ್ಟು ಹಾಕುತ್ತಾರೆ. ಕ್ಲಾಸಿನವರೆಲ್ಲ ಅದರ ಮೇಲೆ ಹೆಸರು ಬರೆದು ಹೋಗುತ್ತಾರೆ. ಕಾಮಾಲೆಯಾದರೆ ಕಣ್ಣು ಹಳದಿಯಾಗುತ್ತದೆ, ನೆಂಟರು ಎಳನೀರು ತರುತ್ತಾರೆ. ನನಗೆ ಬಂದದ್ದು ಸುಸ್ತು. ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ ಒಂದು ಜ್ವರ ಬಂತು. ಜ್ವರ ಹೋಯಿತು, ಸುಸ್ತು ಉಳಿಯಿತು. ಮೈಸೂರಿನ ದೊಡ್ಡ ಡಾಕ್ಟರು ಹತ್ತಾರು ಪರೀಕ್ಷೆ ಮಾಡಿಸಿ ಅದಕ್ಕೆ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಇಷ್ಟು ಉದ್ದದ ಹೆಸರಿಗೆ ಜನ ಸ್ವಲ್ಪವಾದರೂ ಹೆದರುತ್ತಾರೆ ಎಂದುಕೊಂಡಿದ್ದೆ. ಎಲ್ಲಿಯ ಹೆದರಿಕೆ! ಹಾಗೆಂದರೆ ಏನು ಎಂದು ಕೇಳುತ್ತಾರೆ. ಯಾವಾಗಲೂ ವಿಪರೀತ ಸುಸ್ತು ಎನ್ನುತ್ತೇನೆ. ಅಲ್ಲಿಗೆ ನನ್ನ ಮರ್ಯಾದೆ ಮುಗಿಯುತ್ತದೆ.

ಏಕೆಂದರೆ ಸುಸ್ತಿನ ವಿಷಯದಲ್ಲಿ ನಮ್ಮೂರು ಮೂರ್ನಾಡಿನ ಸುತ್ತಮುತ್ತ ಎಲ್ಲರೂ ಪಂಡಿತರೇ. ತಲೆಗೆ ಸ್ನಾನ ಮಾಡಿದ ದಿನ ನನಗೆ ಬಾಚಣಿಗೆ ಎತ್ತಲು ಆಗುವುದಿಲ್ಲ. ಒಂದು ದಿನ ಕಾಲೇಜಿಗೆ ಹೋಗಿ ಬಂದರೆ ಮರುದಿನ ಹಾಸಿಗೆಯೇ ಗತಿ. ಫಿಸಿಕ್ಸಿನ ಒಂದು ಸಾಲು ಓದಿ ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಹಿಂದಿನದು ಮಾಯ. ಇದನ್ನೆಲ್ಲ ಹೇಳಿದರೆ ಪಿಕಪ್ ಓಡಿಸುವವರಿಂದ ಹಿಡಿದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ತನಕ ಎಲ್ಲರಿಗೂ ಒಂದೇ ಉತ್ತರ: “ನಂಗೂ ಸುಸ್ತೇ ಮಾರಾಯ್ತಿ.” ಒಬ್ಬರು ಬೆಳಿಗ್ಗೆ ಐದಕ್ಕೆ ಎದ್ದು ಓಡಲು ಹೇಳಿದರು. ಇನ್ನೊಬ್ಬರು ಮೊಬೈಲ್ ಕಿತ್ತುಕೊಳ್ಳಲು ಅಪ್ಪನಿಗೆ ಹೇಳಿದರು. ಹಾರ್ಟ್ ಅಟ್ಯಾಕ್ ಆದವರ ಹತ್ತಿರ ಹೋಗಿ ನಂಗೂ ಹಾರ್ಟ್ ಇದೆ ಎಂದು ಯಾರಾದರೂ ಹೇಳುತ್ತಾರೆಯೇ? ನನ್ನ ಹತ್ತಿರ ಮಾತ್ರ ಹೇಳುತ್ತಾರೆ.

ಈ ಪಂಡಿತರಿಗೆಲ್ಲ ಗುರು ನನ್ನ ಅತ್ತೆ, ಅಪ್ಪನ ಅಕ್ಕ. ಅಮ್ಮತ್ತಿಯಲ್ಲಿ ಅವರ ಮನೆ. ಬಂದವರು ಚಪ್ಪಲಿ ಬಿಡುವ ಮೊದಲೇ ನನ್ನ ಕೋಣೆಗೆ ಇಣುಕುತ್ತಾರೆ. ನಮ್ಮ ಮನೆಮಾತಿನಲ್ಲಿ ಗೂಡೆ ಎಂದರೆ ಹುಡುಗಿ. “ನಂಗೂ ಸುಸ್ತ್ ಉಟ್ಟು ಗೂಡೆ. ಯಾರ್‌ಗೆ ಇಲ್ಲೆ? ಇದ್ ಬರೀ ಸೋಮಾರಿತನ” ಎಂದು ತೀರ್ಪು ಕೊಟ್ಟು ಒಳಗೆ ಹೋಗಿ ಕಾಫಿ ಕುಡಿಯುತ್ತಾರೆ. ಆಮೇಲೆ ನಮ್ಮ ಸೋಫಾದ ಮೇಲೆ ಎರಡು ಗಂಟೆ ಗೊರಕೆ ಹೊಡೆಯುತ್ತಾರೆ. ಅದು ಸೋಮಾರಿತನ ಅಲ್ಲ, ಅದು ವಿಶ್ರಾಂತಿ.

ಅತ್ತೆಯನ್ನಾದರೂ ಸಹಿಸಬಹುದಿತ್ತು, ಪ್ರಿನ್ಸಿಪಾಲರನ್ನು ಸಹಿಸುವುದು ಹೇಗೆ? ಸೆಕೆಂಡ್ ಪಿಯುಸಿ ಶುರುವಾಗಿ ಎರಡು ತಿಂಗಳಿಗೇ ನನ್ನ ಹಾಜರಾತಿ ನೆಲ ಕಚ್ಚಿತ್ತು. ಅಪ್ಪನನ್ನೂ ನನ್ನನ್ನೂ ಕರೆಸಿದರು. ಮೈಸೂರಿನ ಡಾಕ್ಟರ ಚೀಟಿ ಓದಿ ನಕ್ಕರು. “ಈ ಕಾಯಿಲೆ ನಮ್ಮ ಸ್ಟಾಫ್ ರೂಮಲ್ಲಿ ಎಲ್ರಿಗೂ ಇದೆ ಕಣಮ್ಮಾ” ಎಂದರು. ಅವರ ಸ್ಟಾಫ್ ರೂಮಿನ ಬಗ್ಗೆ ನನಗೆ ಯಾವ ಅನುಮಾನವೂ ಇರಲಿಲ್ಲ. ಆಮೇಲೆ ಗಂಭೀರರಾಗಿ, “ಮಡಿಕೇರಿಗೆ ಹೋಗಿ ಸರಿಯಾಗಿ ತೋರ್ಸಿ. ನಿಜವಾದ ಕಾಯಿಲೆ ಅಂತ ಸರ್ಟಿಫಿಕೇಟ್ ತಂದ್ರೆ ಅಟೆಂಡೆನ್ಸ್ ನಾನು ನೋಡ್ಕೊಳ್ತೇನೆ. ಇಲ್ಲಾಂದ್ರೆ ಈ ವರ್ಷ ಬಿಟ್ಬಿಡ್ಲಿ” ಎಂದರು. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಮಲಗಿದಲ್ಲೇ ಒಂದೊಂದು ಪುಟವಾಗಿ ಓದಿ ಇಲ್ಲಿಯ ತನಕ ಬಂದವಳು ನಾನು. ಆ ವರ್ಷ ನನಗೆ ಬೇಕೇ ಬೇಕಿತ್ತು.

ಮಡಿಕೇರಿಗೆ ಹೋಗುವ ಹಿಂದಿನ ದಿನ ಆಟಿ ಹದಿನೆಂಟು, ಮಳೆಗಾಲದ ಆಟಿ ತಿಂಗಳ ಹದಿನೆಂಟನೆಯ ದಿನ. ಆ ದಿನ ನಮ್ಮಲ್ಲಿ ಕಾಡಿನ ಮದ್ದು ಸೊಪ್ಪು ತಂದು, ಬೇಯಿಸಿ, ಅದರ ನೇರಳೆ ನೀರಿನಲ್ಲಿ ಪಾಯಸ ಮಾಡುತ್ತಾರೆ. ಅದರಲ್ಲಿ ಹದಿನೆಂಟು ಬಗೆಯ ಮದ್ದು ಸೇರಿದೆ ಎಂದು ನಂಬಿಕೆ. ತಿಂದ ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ. ಮದ್ದು ಮೈಗೆ ಹತ್ತಿತು ಎಂದು ನಾವು ಸಮಾಧಾನಪಡುತ್ತೇವೆ. ಅತ್ತೆ ಅಮ್ಮತ್ತಿಯಿಂದ ಹಿಡಿಯಿರುವ ಒಂದು ತೂಕ್ಕು ಪಾತ್ರೆ ತುಂಬ ಪಾಯಸ ತಂದು, ಎದುರಿಗೇ ಕೂತು, ಸೋಮಾರಿತನ ಬೇರು ಸಮೇತ ಹೋಗಲಿ ಎಂದು ಬಟ್ಟಲಿನ ಮೇಲೆ ಬಟ್ಟಲು ಕುಡಿಸಿದರು. ಮರುದಿನ ಅಪ್ಪನ ಮತ್ತು ನನ್ನ ಜೊತೆ ಆಸ್ಪತ್ರೆಗೂ ಬಂದರು.

ಡಾಕ್ಟರು ಬಯಲುಸೀಮೆಯಿಂದ ಹೊಸದಾಗಿ ಬಂದ ಯುವಕ. ನನ್ನ ದಪ್ಪ ಫೈಲನ್ನು ಬದಿಗಿಟ್ಟು, ಮೂತ್ರ ಪರೀಕ್ಷೆ ಮಾಡೋಣ ಎಂದರು. ನಾನು ತಂದ ಬಾಟಲಿ ಕಂಡದ್ದೇ ಕುರ್ಚಿಯಿಂದ ಎದ್ದುಬಿಟ್ಟರು. “ಯಾವಾಗಿಂದ ಹೀಗೆ ರಕ್ತ ಹೋಗ್ತಿದೆ? ನಡ್ಕೊಂಡು ಯಾಕೆ ಬಂದೆ? ಸಿಸ್ಟರ್, ವೀಲ್‌ಚೇರ್ ತನ್ನಿ!” ಹೇಳಿಬಿಡಬೇಕೆಂದು ಬಾಯಿ ತೆರೆದೆ. ಆದರೆ ಅವರ ಮುಖದಲ್ಲಿ ಎಂಥ ಗಾಬರಿ, ಎಂಥ ಕಾಳಜಿ! ಒಂದೂವರೆ ವರ್ಷದಲ್ಲಿ ಒಬ್ಬರೂ ನನ್ನನ್ನು ಹಾಗೆ ನೋಡಿರಲಿಲ್ಲ. ಇನ್ನೊಂದು ನಿಮಿಷ ಇರಲಿ ಎಂದು ಬಾಯಿ ಮುಚ್ಚಿದೆ. ಅದೇ ಪಾಯಸ ತಿಂದಿದ್ದ ಅಪ್ಪನೂ ಕಿಟಕಿಯಾಚೆ ನೋಡುತ್ತಾ ನಿಂತರು. ಡಾಕ್ಟರು ಅಡ್ಮಿಷನ್ ಬರೆಯಲು ಪೆನ್ ತೆಗೆದರು. ಪ್ರಿನ್ಸಿಪಾಲರು ಕೇಳಿದ ನಿಜವಾದ ಕಾಯಿಲೆ ಇನ್ನೇನು ಕೈಗೆ ಸಿಕ್ಕಿತು ಎನ್ನುವಾಗ ಅತ್ತೆಗೆ ತಡೆಯಲಾಗಲಿಲ್ಲ. ತಮ್ಮ ಪಾಯಸದ ಕೀರ್ತಿ ಯಾವುದೋ ರೋಗದ ಪಾಲಾಗುವುದೆಂದರೆ? “ರಕ್ತ ಎಂತದು ಡಾಕ್ಟ್ರೇ! ಅದು ನಾ ಮಾಡಿದ ಮದ್ದು ಪಾಯಸ. ನಂದೂ ಹಾಗೇ ಹೋಗಿದೆ ಇವತ್ತು. ನೋಡ್ಬೇಕಾ?”

ಸಿಸ್ಟರ್ ಮುಖ ಮುಚ್ಚಿಕೊಂಡು ಹೊರಗೆ ಓಡಿದರು. ಡಾಕ್ಟರ ಕಿವಿ ಕೆಂಪಾಯಿತು. ಅವಮಾನ ಮರೆಸಲು ಏನಾದರೂ ಓದಬೇಕಲ್ಲ, ನನ್ನ ಫೈಲು ಎಳೆದುಕೊಂಡರು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರು. ಆಮೇಲೆ ಮೆಲ್ಲಗೆ ಕೇಳಿದರು, “ತಲೆಗೆ ಸ್ನಾನ ಮಾಡಿದ್ರೆ ಮರುದಿನ ಏಳೋಕಾಗುತ್ತಾ?” ಇಲ್ಲವೆಂದು ತಲೆಯಾಡಿಸಿದೆ. ಮೈಸೂರಿನವರು ಇಟ್ಟ ಹೆಸರನ್ನೇ ಬರೆದು, ಇದು ನಿಜವಾದ ಕಾಯಿಲೆ, ಹಾಜರಾತಿಯಲ್ಲಿ ರಿಯಾಯಿತಿ ಕೊಡಬೇಕು ಎಂದು ಸೀಲು ಹಾಕಿ ಕೊಟ್ಟರು. ಇದಕ್ಕೆ ಮದ್ದು ಯಾವುದು ಎಂದು ಅತ್ತೆ ಕೇಳಿದರು. “ವಾಸಿ ಮಾಡೋ ಮದ್ದು ಇನ್ನೂ ಇಲ್ಲಮ್ಮ. ಶಕ್ತಿ ಇದ್ದಷ್ಟೇ ಖರ್ಚು ಮಾಡ್ಕೊಂಡು ಹೋಗ್ಬೇಕು” ಎಂದರು. ಅತ್ತೆ ನನ್ನ ಫೈಲನ್ನು ಮೂರ್ನಾಡು ತಲುಪುವ ತನಕ ಮಡಿಲಲ್ಲಿ ಹಿಡಿದುಕೊಂಡೇ ಕೂತರು.

ಪ್ರಿನ್ಸಿಪಾಲರು ಸೀಲು ನೋಡಿ ಒಪ್ಪಿದರು. ವರ್ಷ ಉಳಿಯಿತು. ಅಂತೂ ಎಲ್ಲರೂ ನಂಬಿದರು. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ಇಷ್ಟು ದಿನ ಇವರನ್ನೆಲ್ಲ ಬಾಯಿಗೆ ಬಂದಂತೆ ಬೈಯುತ್ತಿದ್ದ ನನಗೂ ಒಳಗೊಳಗೆ ಒಂದು ಆಸೆಯಿತ್ತು. ಇವರು ಹೇಳುವುದೇ ಸರಿಯಾಗಿದ್ದರೆ? ಬರೀ ಸೋಮಾರಿತನವಾದರೆ ಒಂದು ದಿನ ಬೆಳಿಗ್ಗೆ ಎದ್ದು ಅದನ್ನು ಬಿಟ್ಟುಬಿಡಬಹುದಲ್ಲ! ಈಗ ಆ ಆಸೆಯೂ ಇಲ್ಲ. ಮೊನ್ನೆ ಅತ್ತೆ ಬಂದವರು ಸದ್ದಾಗದಂತೆ ಕೋಣೆಗೆ ಬಂದು, ಕಂಬಳಿ ಸರಿಯಾಗಿ ಹೊದಿಸಿ, “ಮಲಗ್ ಗೂಡೆ” ಎಂದರು. ಎಲ್ಲಿಲ್ಲದ ಸಿಟ್ಟು ಬಂತು. ಅವರ ಸೆರಗು ಹಿಡಿದು ಎಳೆದೆ. “ಸೋಮಾರಿ ಅನ್ನಿ ಅತ್ತೆ” ಎಂದೆ, “ಒಂದೇ ಒಂದು ಸಲ ಅನ್ನಿ.”