ಎಂಟು ಕಿಲೋ ಸೈಕಲ್ಲು

ಎಲ್ಲಕ್ಕೂ ಮೂಲ ಸಿದ್ದಮಲ್ಲಪ್ಪನವರು ನಿವೃತ್ತರಾದದ್ದು. ಅವರು ಹೋದದ್ದರಿಂದ ಕಡಕೊಳದ ಆ ಕಾರ್ಖಾನೆಗೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಆದರೆ ಕಾರ್ಖಾನೆಯ ಬಸ್ಸಿನಲ್ಲಿ ಒಂದು ಸೀಟು ಖಾಲಿಯಾಯಿತು. ಡ್ರೈವರ್ ಹಿಂದಿನ ಎರಡನೆಯ ಸಾಲು, ಬಲಗಡೆ, ಕಿಟಕಿ ಪಕ್ಕ.

ಒಂದು ಸೀಟಿಗೆ ಇಷ್ಟೆಲ್ಲಾ ಯಾಕೆ ಅನ್ನಬೇಡಿ. ಬೆಳಗ್ಗೆ ಮೈಸೂರಿನಿಂದ ದಕ್ಷಿಣಕ್ಕೆ ಹೋಗುವ ಬಸ್ಸಿಗೆ ಬಿಸಿಲು ಎಡಗಡೆಯಿಂದ. ಸಂಜೆ ವಾಪಸು ಬರುವಾಗ ಪಡುವಣದ ಬಿಸಿಲು, ಅದೂ ಎಡಗಡೆಗೇ. ಬಲಗಡೆ ಕೂತವನಿಗೆ ಹೋಗುವಾಗಲೂ ನೆರಳು, ಬರುವಾಗಲೂ ನೆರಳು. ಆ ಬಸ್ಸಿನಲ್ಲಿ ಸೀಟಿನ ಮೇಲೆ ಯಾರ ಹೆಸರೂ ಬರೆದಿಲ್ಲ, ಆದರೆ ಯಾವುದು ಯಾರದು ಎಂದು ಎಲ್ಲರಿಗೂ ಗೊತ್ತು. ಸಿದ್ದಮಲ್ಲಪ್ಪನವರು ರಜೆ ಹಾಕಿದ ದಿನವೂ ಜನ ನಿಂತುಕೊಂಡು ಹೋಗುತ್ತಿದ್ದರೇ ಹೊರತು ಅಲ್ಲಿ ಕೂರುತ್ತಿರಲಿಲ್ಲ.

ಸ್ಟೋರ್ಸ್ ವಿಭಾಗದ ಲೋಕೇಶ್ ಹನ್ನೊಂದು ವರ್ಷದಿಂದ ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕೂತು, ನಂಜನಗೂಡು ರಸ್ತೆಯ ಪ್ರತಿ ಹಂಪನ್ನೂ ಸೊಂಟದಲ್ಲಿ ಎಣಿಸಿದ್ದ. ಬೆಲ್ಟ್ ಕಟ್ಟಿಕೊಳ್ಳಿ ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಹಾಗಾಗಿ ಆ ಸೀಟು ತನಗೇ ಬರಬೇಕು ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಕ್ವಾಲಿಟಿ ವಿಭಾಗದ ವಿಜಯ್‌ಕುಮಾರನಿಗೂ ಇರಲಿಲ್ಲ. ಅವನು ಅದು ತನ್ನದು ಅಂದುಕೊಂಡಿದ್ದ.

ಇಬ್ಬರೂ ಸಿದ್ದಮಲ್ಲಪ್ಪನವರ ಹತ್ತಿರ ನ್ಯಾಯಕ್ಕೆ ಹೋದರು. ಇಬ್ಬರೂ ಎರಡು ತಿಂಗಳ ಹಿಂದೆ ಒಂದೇ ವಾರದಲ್ಲಿ ರೋಡ್ ಬೈಕ್ ಅನ್ನುವ ಸೈಕಲ್ಲು ಕೊಂಡಿದ್ದರು. ತೆಳು ಟಯರು, ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲು. ಅಂದಿನಿಂದ ಊಟದ ಹೊತ್ತಿನಲ್ಲಿ ಅವರ ಸೈಕಲ್ ಪುರಾಣ ಕೇಳಿ ಕೇಳಿ ಸಿದ್ದಮಲ್ಲಪ್ಪನವರ ಕಿವಿ ಸೋತಿತ್ತು.

"ಬಾಯಲ್ಲಿ ತುಳಿದದ್ದು ಸಾಕು ಕಣ್ರಯ್ಯ. ಭಾನುವಾರ ನಾಲ್ಕು ಗಂಟೆಗೆ ಬೆಟ್ಟ ಹತ್ತಿ. ಇಳಿದು ತಳ್ಳಂಗಿಲ್ಲ. ಯಾರು ಮೊದಲು ಮಹಿಷಾಸುರನ ಹತ್ರ ಮುಟ್ತಾರೋ, ಸೀಟು ಅವರದ್ದು. ಎಚ್.ಆರ್. ಹೇಮಶ್ರೀ ಮೇಡಂ ಪ್ರತಿ ಭಾನುವಾರ ದೇವಸ್ಥಾನಕ್ಕೆ ಹೋಗ್ತಾರೆ, ಅವರೇ ಸಾಕ್ಷಿ" ಅಂದುಬಿಟ್ಟರು.

ಭಾನುವಾರ ಬೆಳಗ್ಗೆ ನಜರ್‌ಬಾದಿನ ತನ್ನ ಮನೆಯ ಮುಂದೆ ಲೋಕೇಶ್ ಸೈಕಲ್ಲಿಗೆ ತೂಕ ಇಳಿಸುವ ಚಿಕಿತ್ಸೆ ಶುರುಮಾಡಿದ. ಬೆಟ್ಟ ಹತ್ತುವವನಿಗೆ ಪ್ರತಿ ಗ್ರಾಮೂ ಶತ್ರು ಎಂದು ಅವನು ವಿಡಿಯೋಗಳಲ್ಲಿ ನೋಡಿದ್ದ. ಮೆತ್ತನೆಯ ಸೀಟು ಬಿಚ್ಚಿ ಕತ್ತಿಯಂಥ ಸೀಟು ಹಾಕಿದ. ರಿಫ್ಲೆಕ್ಟರು ತೆಗೆದ. ಬಾಟಲಿಯ ಸ್ಟ್ಯಾಂಡು ತೆಗೆದ. ಕೊನೆಗೆ ಟ್ಯೂಬಿನ ಮೂತಿಯ ಎರಡು ಪ್ಲಾಸ್ಟಿಕ್ ಮುಚ್ಚಳವನ್ನೂ ಬಿಡಲಿಲ್ಲ. ಬೀದಿ ಕೊನೆಯ ಹಳೇ ಪೇಪರ್ ಅಂಗಡಿಗೆ ಹೊತ್ತುಕೊಂಡು ಹೋಗಿ ತಕ್ಕಡಿಗೆ ತೂಗುಹಾಕಿಸಿದ. ಸರಿಯಾಗಿ ಎಂಟು ಕಿಲೋ.

"ನಿಮ್ ತೂಕ ಎಷ್ಟು ಸಾರ್?" ಅಂಗಡಿಯವನು ಕೇಳಿದ.

"ಎಂಬತ್ನಾಲ್ಕು."

ಅಂಗಡಿಯವನು ತಿರುಗಿ ಪೇಪರು ಕಟ್ಟತೊಡಗಿದ.

ಮನೆಗೆ ಬಂದು ಸೈಕಲ್ಲನ್ನು ಗೋಡೆಗೆ ಒರಗಿಸುವಷ್ಟರಲ್ಲಿ ಎದುರು ಮನೆಯ ಶಿವರುದ್ರಪ್ಪ ಗೇಟು ತೆಗೆದುಕೊಂಡು ಬಂದರು. ಮೂವತ್ತನಾಲ್ಕು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ನಿವೃತ್ತಿಯಾದ ಮೇಲೆ ಬೀದಿಯಲ್ಲಿ ಯಾವ ವಾಹನ ಕೆಮ್ಮಿದರೂ ಅವರಿಗೆ ಹಬ್ಬ. ಮನೆ ಹಿಂದಿನ ಶೆಡ್ಡಿನಲ್ಲಿ ಅರ್ಧ ಶತಮಾನದ ಬೋಲ್ಟು, ನಟ್ಟು, ಬೆಲ್ಲುಗಳನ್ನು ಗಂಟುಕಟ್ಟಿ ಇಟ್ಟುಕೊಂಡಿದ್ದರು.

"ಏನಪ್ಪಾ ಲೋಕೇಶ, ಗೋಡೆಗೆ ಒರಗಿಸ್ತಿದ್ದೀಯ? ಸ್ಟ್ಯಾಂಡ್ ಎಲ್ಲಿ?"

"ಇದಕ್ಕೆ ಸ್ಟ್ಯಾಂಡ್ ಇರಲ್ಲ ಅಣ್ಣ."

"ಬೆಲ್ಲು?"

"ಇರಲ್ಲ ಅಣ್ಣ."

"ಮಡ್‌ಗಾರ್ಡು? ಕ್ಯಾರಿಯರು?" ಶಿವರುದ್ರಪ್ಪ ಸೈಕಲ್ಲನ್ನು ಒಂದು ಸುತ್ತು ಬಂದರು. ಅವರ ಮುಖದಲ್ಲಿ ನಿಜವಾದ ಸಂಕಟ ಕಾಣಿಸಿತು. "ಮೋಸ ಮಾಡ್ಬುಟ್ಟವ್ರೆ ಕಣಪ್ಪ ನಿಂಗೆ! ಅರ್ಧ ಸಾಮಾನು ಅಂಗಡೀಲೇ ಉಳಿಸ್ಕೊಂಡು ಬರೀ ಅಸ್ಥಿಪಂಜರ ಕೊಟ್ಟು ಕಳಿಸವ್ರೆ. ಬಿಲ್ಲು ತಗೊಂಡ್ ಬಾ, ಇಬ್ರೂ ಹೋಗಿ ಕೇಳೋಣ."

ಇದು ಹೀಗೇ ಇರುವ ಸೈಕಲ್ಲು, ಹಗುರವಾಗಿದ್ದಷ್ಟೂ ಒಳ್ಳೆಯದು ಎಂದು ಲೋಕೇಶ್ ಕಾಲು ಗಂಟೆ ವಿವರಿಸಿದ. ಶಿವರುದ್ರಪ್ಪ ಮೋಸಹೋದವನಿಗೆ ಎದುರಾಡಬಾರದು ಎಂಬ ಕರುಣೆಯಿಂದ ತಲೆಯಾಡಿಸಿದರು. "ಒಂದು ಬೆಲ್ಲಾದ್ರೂ ಹಾಕ್ತೀನಿ ಬುಡು. ಬೆಟ್ಟದಲ್ಲಿ ಜನ ಜಾಸ್ತಿ." ಹಿರಿಯರು, ಒಮ್ಮೆ ಮಧ್ಯರಸ್ತೆಯಲ್ಲಿ ಕೆಟ್ಟ ಸ್ಕೂಟರನ್ನು ಮಳೆಯಲ್ಲಿ ನೆನೆದು ರಿಪೇರಿ ಮಾಡಿಕೊಟ್ಟವರು. ಬೇಡ ಅನ್ನಲು ನಾಲಿಗೆ ಬರಲಿಲ್ಲ. ಒಂದು ಬೆಲ್ಲು ತಾನೇ ಅಂದುಕೊಂಡು ಲೋಕೇಶ್ ಸ್ನಾನಕ್ಕೆ ಹೋದ. ಇಂಥ ಹೊತ್ತಿನಲ್ಲಿ ಯಾರೂ ಸ್ನಾನಕ್ಕೆ ಹೋಗಬಾರದು.

ತಲೆ ಒರೆಸಿಕೊಳ್ಳುತ್ತಾ ಬಂದರೆ ಸೈಕಲ್ಲು ಗೋಡೆ ಬಿಟ್ಟು ಅಂಗಳದ ನಡುವೆ ತಾನೇ ನಿಂತಿತ್ತು. ಪಕ್ಕದಲ್ಲಿ ಕಬ್ಬಿಣದ ಸ್ಟ್ಯಾಂಡು. ಹಿಂದೆ ಮುಂದೆ ತಗಡಿನ ಮಡ್‌ಗಾರ್ಡು, ಬೈಂಡಿಂಗ್ ವೈರಿನಲ್ಲಿ ಬಿಗಿದದ್ದು. ನಡುವಿನ ಕಂಬಿಗೆ ಒಂದು ಮೊಳದ ಗಾಳಿ ಪಂಪು.

"ಅಣ್ಣಾ, ಬೆಲ್ಲು ಅಂದಿದ್ರಿ!"

"ಬೆಲ್ಲೂ ಹಾಕಿದೀನಿ, ನೋಡು" ಎಂದು ಶಿವರುದ್ರಪ್ಪ ಬಾರಿಸಿ ತೋರಿಸಿದರು. ಬೀದಿಯ ಎರಡು ನಾಯಿ ಎದ್ದು ನಿಂತವು.

ಸದ್ದಿಗೆ ತಾಯಿ ಬೀರಮ್ಮ ಹೊರಗೆ ಬಂದರು. "ಲೋ ಲೋಕೇಸ, ಒಸಾ ಗಾಡಿ, ಪೂಜೆ ಇಲ್ದಂಗೆ ಬೆಟ್ಟುಕ್ ಒಂಟಿದ್ದೀಯಲ್ಲೋ! ಎಂಗೋ ಅದು?" ಎಂದು ಹ್ಯಾಂಡಲಿಗೆ ಅರಿಶಿನ ಕುಂಕುಮ ಮೆತ್ತಿದರು. ದೃಷ್ಟಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ತಾನು ಹೂಡಿರುವುದು ಪಂದ್ಯ, ಯಾತ್ರೆಯಲ್ಲ ಎಂದು ಮಗ ಹೇಳಿದ್ದಕ್ಕೆ, "ಬೆಟ್ಟ ಅತ್ತುದ್ಮೇಲೆ ಅದೆಂಗ್ಲಾ ಯಾತ್ರೆ ಅಲ್ಲ?" ಅಂದರು.

ಎಲ್ಲವನ್ನೂ ಮಧ್ಯಾಹ್ನ ಬಿಚ್ಚಿದರಾಯಿತು, ಈಗ ಮನಸ್ಸು ನೋಯಿಸುವುದೇಕೆ ಎಂದು ಲೋಕೇಶ್ ಲೆಕ್ಕ ಹಾಕಿದ. ಪಂದ್ಯಕ್ಕೆ ಮುಂಚೆ ವಿಶ್ರಾಂತಿ ಮುಖ್ಯ ಎಂದೂ ವಿಡಿಯೋದಲ್ಲಿ ಹೇಳಿದ್ದರಿಂದ ಉಂಡು ಮಲಗಿದ.

ಮೂರು ಗಂಟೆಗೆ ಎದ್ದು ಬಂದವನು ಅಂಗಳದಲ್ಲಿ ತನ್ನ ಸೈಕಲ್ಲನ್ನು ಹುಡುಕಿದ. ಅದು ಎದುರಿಗೇ ಇತ್ತು. ಹಿಂದೆ ಹಾಲಿನವರ ಸೈಕಲ್ಲಿಗೆ ಇರುವಂಥ ಕ್ಯಾರಿಯರು, ಮುಂದೆ ಬುರುಡೆ ಗಾತ್ರದ ಲೈಟು, ಚಕ್ರಕ್ಕೆ ಉಜ್ಜಿಕೊಂಡು ತಿರುಗುವ ಡೈನಮೋ. ಹೆಂಡತಿ ಪವಿತ್ರ ಕ್ಯಾರಿಯರಿಗೆ ಒಂದು ದಪ್ಪ ಚೀಲವನ್ನು ಹಗ್ಗದಲ್ಲಿ ಬಿಗಿಯುತ್ತಿದ್ದಳು.

"ಏನೇ ಇದು?"

"ಬೆಟ್ಟಕ್ಕೆ ಬರಿಗೈಲಿ ಹೋಗ್ತಾರೇನ್ರೀ? ನಮ್ಮದು ಎರಡು ಕಾಯಿ, ಶಿವರುದ್ರಪ್ಪನೋರ ಮನೇದು ಎರಡು, ಒಂದು ರವಿಕೆ ಕಣ, ಬಾಳೆಹಣ್ಣು. ಟಿಫಿನ್ ಬಾಕ್ಸಲ್ಲಿ ಮೊಸರನ್ನ ಇದೆ, ಇಳಿಯೋವಾಗ ತಿನ್ನಿ."

"ಪವಿತ್ರಾ, ನಾನು ಎರಡು ಗ್ರಾಂ ಮುಚ್ಚಳ ಕಿತ್ತು ಎಸೆದಿದ್ದೀನಿ ಕಣೇ!"

"ನೋಡಿದೆ. ಶಿವರುದ್ರಪ್ಪನೋರು ಹುಡುಕಿ ವಾಪಸ್ ಹಾಕಿದ್ರು."

ಲೋಕೇಶನ ಹತ್ತಿರ ಇದ್ದದ್ದು ರೋಡ್ ಬೈಕಿನ ಜೊತೆ ಬಂದ ಅಲೆನ್ ಕೀ ಅನ್ನುವ ಬಾಗಿದ ಕಡ್ಡಿಗಳು. ಶಿವರುದ್ರಪ್ಪ ಹಾಕಿದ್ದು ಬಸ್ಸಿನ ಕಾಲದ ಬೋಲ್ಟುಗಳು. ಅವು ಅವರ ಸ್ಪ್ಯಾನರಿಗಲ್ಲದೆ ಇನ್ಯಾವುದಕ್ಕೂ ಬಗ್ಗುವಂತಿರಲಿಲ್ಲ. ಲೋಕೇಶ್ ಎದುರು ಮನೆಗೆ ಓಡಿದ. ಬೀಗ. ಶಿವರುದ್ರಪ್ಪನವರು ಮನೆಮಂದಿಯೊಂದಿಗೆ ನೆಂಟರ ಮನೆಯ ನಾಮಕರಣಕ್ಕೆ ಹೋಗಿಯಾಗಿತ್ತು. ಅಡಿಗೆಮನೆಯ ಇಕ್ಕಳ ತಂದು ತಿರುಗಿಸಿದ, ಬೆರಳು ತರಚಿತು. ದೇವರಿಗೆಂದು ಕಟ್ಟಿದ ಚೀಲಕ್ಕಂತೂ ಕೈ ಹಚ್ಚಲು ಪವಿತ್ರ ಬಿಡಲಿಲ್ಲ. ಮೂರೂಕಾಲಾಯಿತು. ಹೊರಡದಿದ್ದರೆ ಸೋತಂತೆ. ಹೊರಟ.

ಬೆಟ್ಟದ ರಸ್ತೆ ಶುರುವಾಗುವಲ್ಲಿ ವಿಜಯ್‌ಕುಮಾರ ಮೈಗೆ ಅಂಟಿದ ಬಟ್ಟೆಯಲ್ಲಿ ನಿಂತಿದ್ದ. ಕೆಸರೆಯಿಂದ ಊರು ದಾಟಿ ಬಂದಿದ್ದರೂ ಅವನ ಮುಖದಲ್ಲಿ ಬೆವರಿಲ್ಲ. ಸೈಕಲ್ಲಿನ ಮೇಲೆ ಬಣ್ಣ ಬಿಟ್ಟರೆ ಏನೂ ಇಲ್ಲ. ಲೋಕೇಶನನ್ನು ಕಂಡು ಅವನು ಬಗ್ಗಿ ಬಗ್ಗಿ ನಕ್ಕ.

"ಏನೋ ಲೋಕಿ, ಪಂದ್ಯಕ್ ಬಂದಿದ್ದೀಯೋ, ಕಾಯಿ ವ್ಯಾಪಾರಕ್ ಬಂದಿದ್ದೀಯೋ?"

"ಮಾತು ಸಾಕು, ತುಳಿ" ಅಂದ ಲೋಕೇಶ್. ಅಳು ಬರುವಂತಿತ್ತು.

ವಿಜಯ್‌ಕುಮಾರ ಎರಡನೆಯ ತಿರುವಿನಲ್ಲೇ ಕಣ್ಮರೆಯಾದ. ಲೋಕೇಶ್ ಏದುಸಿರು ಬಿಡುತ್ತಾ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಹಾವಿನಂತೆ ಹರಿಯುತ್ತಾ ಹತ್ತಿದ. ಮಡ್‌ಗಾರ್ಡು ಗಡಗಡ, ಡೈನಮೋ ಗುರ್ರ್, ಕಾಯಿಗಳು ಲೊಟಲೊಟ. ಪಕ್ಕದಲ್ಲಿ ನಿಧಾನಿಸಿದ ಕಾರೊಂದರಿಂದ ಹೆಂಗಸೊಬ್ಬರು ತಲೆ ಹೊರಗೆ ಹಾಕಿ, "ಜೋಡಿ ಕಾಯಿ ಎಷ್ಟಪ್ಪಾ?" ಅಂದರು. ಇಲ್ಲಮ್ಮ ಅನ್ನಲೂ ಅವನಲ್ಲಿ ಉಸಿರಿರಲಿಲ್ಲ. ಹಿಂದಿನ ಚಕ್ರದ ಮೇಲಿನ ಆ ಹಾಳು ಸೀಟು, ಇನ್ನು ಹದಿನಾಲ್ಕು ವರ್ಷ ಸರ್ವೀಸು, ದಿನಕ್ಕೆ ಎರಡು ಸಲ ಆ ಹಂಪುಗಳು ಎಂದು ನೆನೆದು ತುಳಿದ. ಸಾಯುವಷ್ಟು ಸುಸ್ತಾಗಿತ್ತು, ಆದರೂ ತುಳಿದ.

ಅರ್ಧ ಬೆಟ್ಟದ ಮೇಲೆ ಒಂದು ತಿರುವಿನಲ್ಲಿ ಕಟ್ಟೆಯ ಮೇಲೆ ಯಾರೋ ಕೂತಿದ್ದರು. ಹತ್ತಿರ ಹೋದರೆ ವಿಜಯ್‌ಕುಮಾರ. ಸೈಕಲ್ಲಿನ ಹಿಂದಿನ ಟಯರು ಚಪ್ಪಟೆಯಾಗಿ ಕೂತಿತ್ತು.

"ಲೋಕಿ, ನಿಲ್ಲೋ! ಮುಳ್ಳು ಚುಚ್ಬುಡ್ತು ಕಣೋ. ಹೊಸ ಟ್ಯೂಬ್ ಹಾಕಾಯ್ತು, ತೂಕ ಅಂತ ಪಂಪು ಮನೇಲೇ ಬಿಟ್ಟು ಬಂದೆ. ನಿನ್ ಪಂಪು ಕೊಡೋ!"

ಲೋಕೇಶನ ಮನಸ್ಸಿನಲ್ಲಿ ಸ್ನೇಹಕ್ಕೂ ಸೊಂಟಕ್ಕೂ ಅರೆಕ್ಷಣ ಜಗಳವಾಯಿತು. ಸೊಂಟ ಗೆದ್ದಿತು.

"ಕೊಡ್ತೀನಿ ಕಣೋ, ಬರ್ತಾ ಕೊಡ್ತೀನಿ!" ಎಂದು ಬೆಲ್ಲು ಬಾರಿಸಿಕೊಂಡು ಮುಂದೆ ಹೋದ.

ಮಹಿಷಾಸುರನ ಮುಂದೆ ಹೇಮಶ್ರೀ ಮೇಡಂ ಪ್ರಸಾದದ ಪೊಟ್ಟಣ ಹಿಡಿದು ನಿಂತಿದ್ದರು. ಲೋಕೇಶ್ ಬಂದು ನಿಂತ, ಸ್ಟ್ಯಾಂಡು ಹಾಕಿದ, ಮಹಿಷಾಸುರನ ಕಾಲ ಬುಡದಲ್ಲೇ ಕುಸಿದ. ಮೇಡಂ ಚಪ್ಪಾಳೆ ತಟ್ಟಿ, ನಾಲ್ಕು ಕಡೆಯಿಂದ ಫೋಟೋ ತೆಗೆದರು. ಆಮೇಲೆ ಸೈಕಲ್ಲನ್ನು ಕುತೂಹಲದಿಂದ ನೋಡಿದರು.

"ಲೋಕೇಶ್ ಅವ್ರೇ, ನಾನು ನೋಡಿರೋ ರೋಡ್ ಬೈಕಲ್ಲಿ ಇದ್ಯಾವುದೂ ಇರಲ್ಲ. ಲೈಟು, ಮಡ್‌ಗಾರ್ಡು, ಲಂಚ್ ಬಾಕ್ಸ್ ಇಡೋಕೆ ಕ್ಯಾರಿಯರು... ಯಾರ ಐಡಿಯಾ ಇದು?"

ಗೆದ್ದ ಮನುಷ್ಯನಿಗೆ ಉಸಿರಿಗಿಂತ ಮೊದಲು ಬಾಯಿ ವಾಪಸು ಬರುತ್ತದೆ. "ಎಲ್ಲಾ ನಾನೇ ಯೋಚ್ನೆ ಮಾಡಿ ಹಾಕ್ಸಿದ್ದು ಮೇಡಂ. ಸೈಕಲ್ಲು ಅಂದ್ರೆ ಶೋಕಿಗಲ್ಲ, ಉಪಯೋಗಕ್ಕೆ ಬರ್ಬೇಕು. ಇನ್ನೊಬ್ರ ಸೈಕಲ್ಲು ನೋಡಿ, ಅದ್ರಲ್ಲಿ ಒಂದು ಟಿಫಿನ್ ಬಾಕ್ಸ್ ಇಡೋಕಾಗಲ್ಲ. ಇದ್ರಲ್ಲಿ ಬೇಕಾದ್ರೆ ದಿನಾ ಕಡಕೊಳಕ್ಕೂ ಹೋಗಿ ಬರಬಹುದು."

"ಹೌದಾ? ಆಗುತ್ತಾ?"

"ಏನ್ ಮೇಡಂ ಹಿಂಗ್ ಕೇಳ್ತೀರಾ, ಬೆಟ್ಟಾನೇ ಹತ್ತಿದ್ದೀನಿ! ಅದೇನು, ಸಪಾಟು ರಸ್ತೆ."

ಮುಕ್ಕಾಲು ಗಂಟೆಯ ಮೇಲೆ ವಿಜಯ್‌ಕುಮಾರ ಸೈಕಲ್ಲು ತಳ್ಳಿಕೊಂಡು ಬಂದ. "ಸೀಟು ನಿಂದೇ ಕಣೋ" ಎಂದು ಕೈ ಕುಲುಕಿದ. ಲೋಕೇಶ್ ಅವನಿಗೆ ಮೊಸರನ್ನದಲ್ಲಿ ಅರ್ಧ ಕೊಟ್ಟ.

ಸಂಜೆ ನಜರ್‌ಬಾದಿನ ಆ ಮನೆಯಲ್ಲಿ ಪಾಯಸವಾಯಿತು. ನಾಮಕರಣದಿಂದ ಬಂದ ಶಿವರುದ್ರಪ್ಪನವರ ಕೈ ಹಿಡಿದುಕೊಂಡು ಲೋಕೇಶ್, "ನೀವಿಲ್ಲದಿದ್ರೆ ನಾನು ಸೋತೇಹೋಗ್ತಿದ್ದೆ ಅಣ್ಣ" ಅಂದ. ಮನಸಾರೆ ಅಂದ. ಸಿದ್ದಮಲ್ಲಪ್ಪನವರಿಗೆ ಫೋನು ಮಾಡಿದ. ಅವರು, "ಇಪ್ಪತ್ತೆರಡು ವರ್ಷ ಕೂತ ಜಾಗ, ಚೆನ್ನಾಗಿ ನೋಡ್ಕೋ" ಅಂದರು. ಪವಿತ್ರ ಆ ಸೀಟಿಗೆಂದು ಒಂದು ಸಣ್ಣ ದಿಂಬು ಹುಡುಕಿ ಬ್ಯಾಗಿನ ಪಕ್ಕ ಇಟ್ಟಳು.

ಏಳು ಗಂಟೆಗೆ ಕಾರ್ಖಾನೆಯ ವಾಟ್ಸಾಪ್ ಗುಂಪಿನಲ್ಲಿ ಹೇಮಶ್ರೀ ಮೇಡಂ ಫೋಟೋಗಳನ್ನು ಹಾಕಿದರು. ಲೋಕೇಶ್ ಎಲ್ಲರನ್ನೂ ಕರೆದು ಕೂರಿಸಿಕೊಂಡು ಕೆಳಗಿನ ಬರಹವನ್ನು ಗಟ್ಟಿಯಾಗಿ ಓದತೊಡಗಿದ.

"ಎಲ್ಲರಿಗೂ ಸಂತಸದ ಸುದ್ದಿ. ಪ್ರತಿ ಘಟಕದಿಂದ ಒಬ್ಬರಾದರೂ ಸೈಕಲ್ಲಿನಲ್ಲೇ ಕೆಲಸಕ್ಕೆ ಬರಬೇಕೆಂದು ಮುಖ್ಯ ಕಚೇರಿ ಕೇಳಿ ಆರು ತಿಂಗಳಾಗಿತ್ತು. ನಮ್ಮಲ್ಲಿ ಯಾರೂ ಮುಂದೆ ಬಂದಿರಲಿಲ್ಲ. ಸ್ಟೋರ್ಸಿನ ಲೋಕೇಶ್ ಅವರು ಸದ್ದಿಲ್ಲದೆ ಇದಕ್ಕಾಗಿಯೇ ಸೈಕಲ್ಲನ್ನು ಸ್ವತಃ ಸಜ್ಜುಗೊಳಿಸಿಕೊಂಡಿದ್ದಾರೆ. ನಾಳೆಯಿಂದ ಅವರು ದಿನವೂ ಸೈಕಲ್ಲಿನಲ್ಲೇ ಬರುತ್ತಾರೆ. ಬಸ್ಸಿನ ಪಟ್ಟಿಯಿಂದ ಅವರ ಹೆಸರನ್ನು ತೆಗೆಯಲಾಗಿದೆ. ಅವರ ಪಾಲಿನ ಸೀಟನ್ನು..."

ಅಲ್ಲಿಗೆ ಅವನ ದನಿ ನಿಂತಿತು. ಓದಲು ಉಳಿದದ್ದು ಒಂದೇ ಸಾಲು. ಅದರ ಕೆಳಗೆ ಮ್ಯಾನೇಜಿಂಗ್ ಡೈರೆಕ್ಟರರ ಚಪ್ಪಾಳೆ, ಅದರ ಕೆಳಗೆ ಇನ್ನೂ ಅರವತ್ತು ಜನರ ಚಪ್ಪಾಳೆ. ಬರಲ್ಲ ಅನ್ನಲು ಜಾಗವೇ ಉಳಿದಿರಲಿಲ್ಲ.

"ಸಬಾಸ್!" ಅಂದರು ಶಿವರುದ್ರಪ್ಪ. "ನಾಳೆ ಬೆಳಗ್ಗೆ ಚೈನಿಗೆ ಎಣ್ಣೆ ಹಾಕ್ಕೊಡ್ತೀನಿ ಬುಡು."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ವಿಜಯ್‌ಕುಮಾರ.

"ಲೋಕಿ, ನೋಡ್ದೆ ಕಣೋ. ನಿಜವಾಗ್ಲೂ ಬೇಜಾರಾಯ್ತು" ಅಂದ. ಅವನ ದನಿಯಲ್ಲಿ ಬೇಜಾರು ಎಲ್ಲಿದೆ ಎಂದು ಲೋಕೇಶ್ ಹುಡುಕಿದ. ಸಿಗಲಿಲ್ಲ. "ನಾಳೆ ನಂಜನಗೂಡ್ ರೋಡಲ್ಲಿ ಬಸ್ಸು ನಿನ್ನ ದಾಟ್ಕೊಂಡ್ ಹೋಗೋವಾಗ ನಾನು ಕೈ ಬೀಸಲಿಲ್ಲ ಅಂತ ತಪ್ಪು ತಿಳ್ಕೋಬೇಡಪ್ಪ. ನೀನು ಎಡಗಡೆ ಅಂಚಲ್ಲಿ ಬಿಸಿಲಲ್ಲಿ ತುಳೀತಿರ್ತೀಯ. ನಾನು ಬಲಗಡೆ ಕಿಟಕೀಲಿ ಇರ್ತೀನಿ. ಅಲ್ಲಿಂದ ನೀನು ಕಾಣ್ಸಲ್ಲ ಕಣೋ."