ಆಲ್ಡರ್ ಹಳ್ಳದ ಮೋರಿ

ಆರಿನ್ ಲಿಂಡ್‌ಕ್ವಿಸ್ಟ್ ಮಾಡಿದ ತಪ್ಪು ಒಂದೇ. ತಪಾಸಣೆಯ ದಿನ ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ, ಎಡ್ನಾ ಫಾಸ್ಡಿಕ್‌ಗೆ ಕೇಳಿಸುವಂತೆ ನಿಟ್ಟುಸಿರುಬಿಟ್ಟ.

"ಇವತ್ತು ಆ ಹಳ್ಳದಲ್ಲಿ ಒಂದೆರಡು ಮೀನಾದ್ರೂ ಕಾಣಿಸ್ಕೊಂಡ್ರೆ ನಾನು ಬದುಕ್ದೆ!"

ಎಡ್ನಾ ನಿವೃತ್ತ ಶಿಕ್ಷಕಿ, ಸಾಲ್ಮನ್ ಮೀನು ಉಳಿಸುವ ಸ್ವಯಂಸೇವಕರ ಸಂಘದ ಅಧ್ಯಕ್ಷೆ. ಸಂಘದಲ್ಲಿ ಉಳಿದಿದ್ದ ಏಕೈಕ ಸದಸ್ಯೆಯೂ ಆಕೆಯೇ. ಸಹಾಯ ಬೇಡವೆಂದರೂ ಮಾಡಿಯೇ ತೀರುವ ಪೈಕಿ. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. "ತಲೆ ಕೆಡಿಸ್ಕೋಬೇಡ ಕಣೋ, ನಾನಿದ್ದೀನಲ್ಲ," ಎಂದು ಅವನ ಬೆನ್ನು ತಟ್ಟಿ ಹೊರಟೇಹೋದಳು. ಎಲ್ಲಿಗೆ ಎಂದು ಕೇಳಬೇಕೆಂದು ಆರಿನ್‌ಗೆ ಹೊಳೆಯಲಿಲ್ಲ.

ಆರಿನ್ ಆ ಕಣಿವೆಯ ಸಾಲ್ಮನ್ ಸಂಯೋಜಕ. ಎಂದರೆ ನಗರಸಭೆ, ಕೌಂಟಿ ಎಂಬ ಜಿಲ್ಲಾಡಳಿತ, ಮೂಲನಿವಾಸಿ ಬುಡಕಟ್ಟಿನ ಸರ್ಕಾರ, ಈ ಮೂರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ, ಮೀನು ಉಳಿಸಲು ರಾಜ್ಯ ಕೊಡುವ ಹಣವನ್ನು ಯಾವ ಕೆಲಸಕ್ಕೆ ಕೇಳಬೇಕೆಂದು ಒಪ್ಪಿಸುವುದು ಅವನ ಉದ್ಯೋಗ. ಇಷ್ಟು ವರ್ಷಗಳಲ್ಲಿ ಅವರು ಒಪ್ಪಿದ್ದು ಊಟಕ್ಕೆ ಏನು ತರಿಸಬೇಕೆಂಬ ಒಂದೇ ವಿಷಯಕ್ಕೆ. ಈ ಸಲ ಮಾತ್ರ ಕಾಡಿ ಬೇಡಿ ಆಲ್ಡರ್ ಹಳ್ಳದ ಮೋರಿಗೆ ಹ್ಞೂಂ ಅನ್ನಿಸಿದ್ದ.

ರಸ್ತೆಯಡಿ ಹಾಯುವ ಆ ತುಕ್ಕು ಹಿಡಿದ ಕೊಳವೆಯ ಬಾಯಿ ನೀರಿಗಿಂತ ಆಳೆತ್ತರ ಮೇಲಿತ್ತು. ಮೊಟ್ಟೆಯಿಡಲು ಸಮುದ್ರದಿಂದ ಬಂದ ಸಾಲ್ಮನ್‌ಗಳು ಅಲ್ಲಿ ಹಾರಿ ಹಾರಿ ತಲೆ ಚಚ್ಚಿಕೊಂಡು ಸಾಯುತ್ತಿದ್ದವು. ಮೀನು ಅದನ್ನು ದಾಟಲಾರದು ಎಂದು ರಾಜ್ಯದ ತಪಾಸಕಿಗೆ ಮನವರಿಕೆಯಾದರೆ ಮೋರಿ ಕಿತ್ತು ಸೇತುವೆ ಕಟ್ಟಲು ಹಣ ಬರುತ್ತದೆ. ಆರಿನ್‌ನ ಸಂಬಳವೂ ಅದರಲ್ಲೇ ಬರಬೇಕು. ಬರದಿದ್ದರೆ ಅವನು ಮಾವನ ಟೈರ್ ಅಂಗಡಿ ಸೇರಬೇಕು. ಮಾವ ಆಗಲೇ ಅಳಿಯನ ಹೆಸರು ಹೊಲಿಸಿದ ಅಂಗಿಯನ್ನು ಇಸ್ತ್ರಿ ಮಾಡಿಸಿಟ್ಟಿದ್ದ.

ರಾಜ್ಯದ ರಾಜಧಾನಿ ಒಲಿಂಪಿಯಾದಿಂದ ಬಂದ ತಪಾಸಕಿ ಶ್ರೀಮತಿ ವಿನ್ ಜೊತೆ ಎಲ್ಲರೂ ಮಳೆಯಲ್ಲೇ ವ್ಯಾನು ಹತ್ತಿದರು. ಜಗಳವೂ ಹತ್ತಿತು.

"ಸೇತುವೆ ಬೋರ್ಡಲ್ಲಿ ನಮ್ಮೂರಿನ ಹೆಸರೇ ಮೊದ್ಲು ಬರ್ಬೇಕು," ಎಂದಳು ಮೇಯರ್ ಹೌಗೆನ್.

"ಮೋರಿ ತಲೆ ನಮ್ಮ ಕೌಂಟೀಲಿದೆ, ಮೇಯರ್ ಮೇಡಂ. ನಿಮ್ಮ ಕಡೆ ಇರೋದು ಬರೀ ಬಾಲ," ಎಂದ ಕೌಂಟಿಯ ಟಾಲಿವರ್.

"ಮೀನು ಸಾಯೋದು ಬಾಲದ ಹತ್ರಾನೇ ಅಲ್ವೇನ್ರೀ?"

ಬುಡಕಟ್ಟಿನ ಮೀನುಗಾರಿಕೆ ನೋಡಿಕೊಳ್ಳುವ ಲೋರ್ನಾ ಮೋಸೆಸ್ ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದಳು: "ಯಾರ ಹದ್ದಲ್ಲಿ ಸಾಯ್ಬೇಕು ಅಂತ ಮೀನಿಗೂ ಒಂದು ನೋಟಿಸ್ ಕಳಿಸ್ಬಿಡಿ."

ಮೋರಿಯ ಕೆಳಗೆ ಎಲ್ಲ ಅಂದುಕೊಂಡಂತೆಯೇ ಇತ್ತು. ಒಂದು ದೊಡ್ಡ ಮೀನು ಹಾರಿತು, ತಗಡಿಗೆ ಢಣ್ ಎಂದು ಬಡಿದು ಬಿತ್ತು. ಆರಿನ್‌ಗೆ ಕುಣಿಯುವಷ್ಟು ಖುಷಿ.

"ನೋಡಿ ಮೇಡಂ, ಪಾಪ! ಎಷ್ಟು ಹಾರಿದ್ರೂ ಆಗ್ತಿಲ್ಲ!"

ವಿನ್ ತಲೆಯಾಡಿಸಿದಳು. "ಸರಿ, ಮೇಲ್ಗಡೆನೂ ಒಂದ್ಸಲ ನೋಡ್ಬಿಡೋಣ."

ರಸ್ತೆ ದಾಟಿ ಆಚೆ ಇಳಿದರೆ, ತಿಳಿನೀರಲ್ಲಿ ಎರಡು ಕೆಂಪು ಸಾಲ್ಮನ್‌ಗಳು ತವರಿಗೆ ಬಂದವರಂತೆ ಆರಾಮಾಗಿ ಓಡಾಡುತ್ತಿದ್ದವು.

"ಇವು ಹೆಂಗ್ ಬಂದ್ವು? ರಸ್ತೆ ದಾಟ್ಕೊಂಡಾ?" ವಿನ್ ಕೇಳಿದಳು.

"ಅದು... ಮುಂಚಿಂದ ಇಲ್ಲೇ ಇದ್ದವಿರ್ಬೇಕು ಮೇಡಂ."

"ಸಮುದ್ರಕ್ಕೆ ಹೋಗ್ದೇನೇ ಇಷ್ಟು ಬೆಳೆದ್ವಾ?" ಎಂದಳು ಲೋರ್ನಾ.

ಆರಿನ್ ಕೊಡೆ ಅಡ್ಡ ಹಿಡಿದು ಮೀನನ್ನು ಮರೆಮಾಡಲು ಹೋದ. ಕಾಲು ಜಾರಿತು. ಕೊಡೆ ಒಂದು ಕಡೆ, ತಾನೊಂದು ಕಡೆ, ಸೊಂಟದವರೆಗೆ ನೀರಿನಲ್ಲಿ ಕುಕ್ಕರಿಸಿದ. ಮೇಲಿನಿಂದ ವಿನ್‌ಳ ದನಿ ಕೇಳಿಸಿತು: "ಮೀನು ದಾಟ್ತಿದೆ. ಅಂದ್ಮೇಲೆ ಮೋರಿ ಅಡ್ಡಿ ಅಲ್ಲ. ದುಡ್ಡಿಲ್ಲ."

ಅಷ್ಟರಲ್ಲಿ ಪೊದೆ ಸರಿಸಿಕೊಂಡು ಎಡ್ನಾ ಬಂದಳು. ಮೈಯೆಲ್ಲ ಒದ್ದೆ, ಎರಡು ಕೈಯಲ್ಲೂ ಬಕೆಟ್ಟು.

"ಕಾಣಿಸ್ತಾ ಮೀನು? ಬೆಳಿಗ್ಗೆಯಿಂದ ಮೋರಿ ಕೆಳಗಿಂದ ಹೊತ್ತು ಹೊತ್ತು ನನ್ನ ಸೊಂಟ ಬಿದ್ದೋಯ್ತು ಕಣೋ! ಇನ್ನೊಂದು ತರ್ಲಾ?"

ಆರಿನ್‌ಗೆ ಹೋದ ಜೀವ ಬಂತು. "ಕೇಳಿದ್ರಾ ಮೇಡಂ! ಇವ್ರು ಹೊತ್ಕೊಂಡು ಬಂದಿದ್ದು! ಮೋರಿ ಅಡ್ಡೀನೇ!" ಎಂದು ನೀರಿನಿಂದಲೇ ಕೂಗಿದ. ವಿನ್ ಮುಚ್ಚಿದ್ದ ಫೈಲನ್ನು ಮತ್ತೆ ತೆರೆದಳು. ಕೆಲಸ ಉಳಿಯಿತು ಎಂದುಕೊಂಡ ಆರಿನ್.

ಆಗ ಟಾಲಿವರ್ ಬಕೆಟ್ಟನ್ನು ಬಗ್ಗಿ ನೋಡಿದ. "ಇದನ್ನ ಎಲ್ಲಿಂದ ತಂದ್ರಮ್ಮಾ?"

"ಮನೇದೇ. ನಾಯಿಗೆ ಸ್ನಾನ ಮಾಡಿಸೋದು."

ಟಾಲಿವರ್ ಮೇಯರ್ ಮುಖ ನೋಡಿದ, ಮೇಯರ್ ಟಾಲಿವರ್ ಮುಖ ನೋಡಿದಳು. ಅವರು ಒಬ್ಬರನ್ನೊಬ್ಬರು ಪ್ರೀತಿಯಿಂದ ನೋಡಿದ್ದನ್ನು ಕಣಿವೆಯಲ್ಲಿ ಯಾರೂ ಕಂಡಿರಲಿಲ್ಲ.

"ಸೇತುವೆ ಅಂದ್ರೆ ಬೇಸಿಗೆಯೆಲ್ಲಾ ರಸ್ತೆ ಮುಚ್ಚಬೇಕು. ಮುಂದೆ ಎಲೆಕ್ಷನ್ ಬೇರೆ," ಎಂದಳು ಮೇಯರ್.

"ಬಕೆಟ್ಟಿಗೆ ರಸ್ತೆ ಮುಚ್ಚೋದೇ ಬೇಡ," ಎಂದ ಟಾಲಿವರ್.

"ನಮ್ಮಜ್ಜಿ ಕಾಲದಲ್ಲಿ ಇಲ್ಲಿ ಮೋರೀನೂ ಇರ್ಲಿಲ್ಲ, ಬಕೆಟ್ಟೂ ಇರ್ಲಿಲ್ಲ. ಹಳ್ಳದ ತುಂಬ ಮೀನಿತ್ತು," ಎಂದಳು ಲೋರ್ನಾ. ಆಕೆಯ ಮಾತನ್ನು ಗಮನಿಸಲಾಗಿದೆ ಎಂದು ಬಹಳ ಗೌರವದಿಂದ ಬರೆದುಕೊಂಡರು, ಮತ್ತು ಅಲ್ಲಿಗೇ ಬಿಟ್ಟರು. ಸೇತುವೆ ಕೈಬಿಟ್ಟು, ಮೀನನ್ನು ಬಕೆಟ್ಟಿನಲ್ಲಿ ದಾಟಿಸುವ ಯೋಜನೆ ವಿನ್‌ಳ ಫೈಲಿನಲ್ಲಿ ಪಾಸಾಯಿತು. ಸಂಯೋಜಕನ ಹುದ್ದೆಯನ್ನು ಮುಂದುವರಿಸಿ, ಮೀನು ಹೊರುವ ಹೊಣೆಯನ್ನು ಅದಕ್ಕೇ ಸೇರಿಸಿದರು. ಅಂದಿನ ಊಟಕ್ಕೆ ಹೇಳಿದ್ದು ಹುರಿದ ಸಾಲ್ಮನ್. ಆರುವ ಮೊದಲು ತಲುಪಬೇಕೆಂದು ಎಲ್ಲರೂ ವ್ಯಾನು ಹತ್ತಿದರು.

ಎಡ್ನಾ ಆರಿನ್‌ನನ್ನು ಕೈಹಿಡಿದು ಮೇಲೆತ್ತಿ, ಎರಡೂ ಬಕೆಟ್ಟನ್ನು ಅವನ ಕೈಗೆ ತಗುಲಿಸಿದಳು.

"ಎಡಗೈಲಿರೋದು ಸ್ವಲ್ಪ ಸೋರುತ್ತೆ ಕಣೋ. ಅದಕ್ಕೇ ಓಡ್ಬೇಕು."

ಮಳೆ ಜೋರಾಯಿತು. ಆರಿನ್‌ಗೆ ಮಾವನ ಅಂಗಡಿಯ ಅಂಗಿ ನೆನಪಾಯಿತು. ಏನಿಲ್ಲವೆಂದರೂ ಅದು ಒಣಗಿತ್ತು.